ರಿಪೇರಿಗೆ ನಿಂತ ಹಳೇ ಜೀಪು, ಜಿಪ್ಸಿ ಕೊಳ್ಳಬಹುದೇ? ಮುಂಗಡ ಕೊಡುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಮೈಸೂರು, ಮಂಡ್ಯ ಕಡೆ ಅಗ್ಗಕ್ಕೆ ಸಿಗುವ ಹಳೇ ಫೋರ್‌ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ) ಗಾಡಿ ಎಂದರೆ ಬಹುಮಟ್ಟಿಗೆ ಎರಡೇ: ಮಹೀಂದ್ರ ಜೀಪು, ಇಲ್ಲವೇ ಮಾರುತಿ ಜಿಪ್ಸಿ. ತೋಟದ ಮನೆಯ ಹಿಂದೆ ಟಾರ್ಪಾಲು ಹೊದಿಸಿ ಇಟ್ಟದ್ದು, ಗ್ಯಾರೇಜಿನ ಮೂಲೆಯಲ್ಲಿ ವರ್ಷಗಟ್ಟಲೆ ಕದಲದೆ ನಿಂತದ್ದು. ಮಾರುವವರು ಹೇಳುವ ಮಾತೂ ಒಂದೇ: "ಇಂಜಿನ್ ಸ್ವಲ್ಪ ಕೆಲಸ ಇದೆ, ಮಿಕ್ಕಿದ್ದೆಲ್ಲ ಚೆನ್ನಾಗಿದೆ."

ಕೊಳ್ಳುವವರು ಆ ಇಂಜಿನ್ನಿನ ಬಗ್ಗೆಯೇ ತಲೆ ಕೆಡಿಸಿಕೊಂಡು ಕೂರುತ್ತಾರೆ. ಕೈ ಸುಡುವುದು ಮಾತ್ರ "ಮಿಕ್ಕಿದ್ದು" ಎಂದರಲ್ಲ, ಅದರಲ್ಲಿ. ಇಂಜಿನ್ ಬಿಚ್ಚಿ, ಲೇತ್‌ಗೆ ಕೊಟ್ಟು, ಬೋರ್ ಮಾಡಿಸಿ ಕೂಡಿಸುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ ತಿಳಿಯಬಹುದು. ತಾಳೆಯಾಗದ ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ನಂಬರಿಗೆ, ಒಳಗಿಂದ ಕೊಳೆತ ಚಾಸಿಗೆ, ಅರ್ಧ ಬಿಚ್ಚಿ ಕಳೆದುಹಾಕಿದ ಫೋರ್‌ವೀಲ್ ಭಾಗಗಳಿಗೆ ಹಾಗೆ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಚಾಸಿ, ಆಮೇಲೆ ಫೋರ್‌ವೀಲ್, ಇಂಜಿನ್ ನಂತರ. ಯಾವ ಹಂತದಲ್ಲಿ ಗಾಡಿ ಫೇಲಾಯಿತೋ ಅಲ್ಲಿಗೇ ನಿಲ್ಲಿಸಿ ವಾಪಸ್ ಬನ್ನಿ.

ಹಂತ 1: ಯಾವ ಗಾಡಿ, ಬಿಡಿಭಾಗ ಸಿಗುತ್ತದೆಯೇ?

ಜಿಪ್ಸಿಯಲ್ಲಿ ಎರಡು ತಲೆಮಾರು. 1985ರಲ್ಲಿ ಬಂದದ್ದು 970 ಸಿಸಿ ಇಂಜಿನ್ನಿನದು. 1996ರಿಂದ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ ಇಂಜಿನ್. ಕೆಲಸಕ್ಕೆ ಬೇಕೆಂದರೆ ಎರಡನೆಯದನ್ನೇ ಹುಡುಕಿ. ಅದರ ಇಂಜಿನ್ ಎಸ್ಟೀಮ್ ಕಾರಿನ ಇಂಜಿನ್ನಿನ ಕುಟುಂಬದ್ದೇ ಆದ್ದರಿಂದ ಭಾಗಗಳು ಸಿಗುತ್ತವೆ, ಕೈಯಾಡಿಸಿ ಗೊತ್ತಿರುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ.

ಮಹೀಂದ್ರದಲ್ಲಿ ಎಂಎಂ 540ಗೆ 2112 ಸಿಸಿ ಪೂಜೋ ಡೀಸೆಲ್, ನಂತರದ ಹಲವು ಮಾದರಿಗಳಿಗೆ 2523 ಸಿಸಿ ಡಿಐ ಇಂಜಿನ್. ಡಿಐ ಭಾಗಗಳು ಬೊಲೆರೊ, ಪಿಕಪ್ ದೆಸೆಯಿಂದ ಎಲ್ಲ ಕಡೆ ಸಿಗುತ್ತವೆ. ಇನ್ನೂ ಹಳೆಯ ಪೆಟ್ರೋಲ್ ಜೀಪು ನೋಡಲು ಚೆಂದ. ಆದರೆ ಇಂಧನ ಕುಡಿಯುವುದೂ ಹೆಚ್ಚು, ಭಾಗಗಳಿಗೆ ಅಲೆದಾಟವೂ ಹೆಚ್ಚು, ದಿನನಿತ್ಯದ ಓಡಾಟಕ್ಕೆ ಅದು ಬೇಡ. ಊರಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಗಾಡಿ ನೋಡಲು ಹೋಗುವ ಮುಂಚೆ ಅಲ್ಲಿನ ಒಂದೆರಡು ಅಂಗಡಿಗೆ ಫೋನ್ ಮಾಡಿ ಕ್ರೌನ್ ಪಿನಿಯನ್ (ಆ್ಯಕ್ಸಲ್ ಒಳಗೆ ಚಕ್ರ ತಿರುಗಿಸುವ ಗೇರ್ ಜೋಡಿ), ನಕಲ್ ಸೀಲ್ (ಮುಂದಿನ ಚಕ್ರದ ಹಿಂದಿರುವ ಗುಂಡಿನ ಸೀಲು), ಕ್ಲಚ್ ಪ್ಲೇಟ್ ಈ ಮೂರಕ್ಕೆ ಬೆಲೆ ಕೇಳಿ. "ಆರ್ಡರ್ ಕೊಟ್ಟರೆ ತರಿಸೋಣ" ಎಂಬ ಉತ್ತರ ಬಂದರೆ ಆ ಮಾದರಿಯಿಂದ ದೂರ ಇರುವುದು ಒಳ್ಳೆಯದು.

ಹಂತ 2: ಕಾಗದ

ಆರ್‌ಸಿಯ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಂದಣಿ ದಿನಾಂಕ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಅವಧಿ, ವಿಮೆ, ಸಾಲದ ನಮೂದು, ಇಂಧನದ ವಿಧ ನೋಡಿ. ಹಳೇ ಪುಸ್ತಕದ ಆರ್‌ಸಿ ಇರುವ ಎಷ್ಟೋ ಗಾಡಿಗಳ ವಿವರ ಆನ್‌ಲೈನ್‌ಗೆ ಏರಿರುವುದಿಲ್ಲ. ಹಾಗಿದ್ದರೆ ಮಾರುವವರೇ ಆರ್‌ಟಿಒ ಕಚೇರಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಆನ್‌ಲೈನ್‌ಗೆ ಏರಿಸುವುದು) ಮಾಡಿಸಿಕೊಡಲಿ. "ನೀವು ತಗೊಂಡ ಮೇಲೆ ಮಾಡಿಸ್ಕೊಳ್ಳಿ" ಎಂದರೆ ಒಪ್ಪಬೇಡಿ. ಗಾಡಿ ನೋಂದಣಿಯಾದ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಿದರೆ ಮೂಲ ದಾಖಲೆಯಲ್ಲಿ ಏನಿದೆ ಎಂಬುದು ಖಚಿತವಾಗುತ್ತದೆ. ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ, ಕೆಎ-45 ಹುಣಸೂರು, ಕೆಎ-54 ನಾಗಮಂಗಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇದರ ಖರ್ಚು ಈಗ ಸಣ್ಣದಲ್ಲ. 2022ರ ಏಪ್ರಿಲ್‌ನಿಂದ ಕಾರು-ಜೀಪಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗೆ 10,000 ಆಯಿತು. ಅವಧಿ ಮೀರಿದ್ದರೆ ಕೇಂದ್ರದ ನಿಯಮದಂತೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ನಾಲ್ಕು ವರ್ಷದಿಂದ ಎಫ್‌ಸಿ ಇಲ್ಲದೆ ನಿಂತ ಜೀಪಿಗೆ ಇದೊಂದೇ 24,000 ಆಗುತ್ತದೆ. ಜೊತೆಗೆ ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟು, ಹೊಗೆ ತಪಾಸಣೆ, ವಿಮೆ. ನೋಂದಣಿ ಕಚೇರಿಯಲ್ಲಿ ಒಟ್ಟು ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಬೆಲೆ ಕುದುರಿಸುವಾಗ ಈ ಚೀಟಿ ಕೈಯಲ್ಲಿರಬೇಕು.

ಗಾಡಿಯ ಹತ್ತಿರ ಹೋದಾಗ ಚಾಸಿ ನಂಬರನ್ನು ಲೋಹದ ಮೇಲೆಯೇ ಓದಿ, ಫೋಟೊದಲ್ಲಿ ನೋಡಿ ತೃಪ್ತಿಪಡಬೇಡಿ. ಸಾಮಾನ್ಯವಾಗಿ ಅದು ಚಾಸಿಯ ಬಲಗಡೆ, ಮುಂಭಾಗದಲ್ಲಿ ಇರುತ್ತದೆ. ಮಣ್ಣು, ಗ್ರೀಸು ಬಟ್ಟೆಯಲ್ಲಿ ಒರೆಸಿ ಒಂದೊಂದೇ ಅಂಕಿ ತಾಳೆ ಹಾಕಿ. ಅಂಕಿಗಳ ಸುತ್ತ ಗ್ರೈಂಡರ್ ಆಡಿಸಿದ ಗೆರೆ, ಬೇರೆ ತಗಡು ಕೂಡಿಸಿ ವೆಲ್ಡಿಂಗ್ ಮಾಡಿದ ಗುರುತು, ಅಂಕಿಗಳ ಆಳದಲ್ಲಿ ಏರುಪೇರು ಕಂಡರೆ ಮಾತುಕತೆ ಮುಗಿಸಿ ಬನ್ನಿ. ಇಂಜಿನ್ ನಂಬರನ್ನೂ ನೋಡಿ. ಜೀಪುಗಳಲ್ಲಿ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂಡಿಸುವುದು ಹಿಂದಿನಿಂದಲೂ ಇದೆ. ಆರ್‌ಸಿಯಲ್ಲಿ ಅದು ನಮೂದಾಗಿದ್ದರೆ ಸರಿ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಎಂದಾದರೆ ಎಫ್‌ಸಿಗೂ ತೊಂದರೆ, ಅಪಘಾತವಾದರೆ ವಿಮೆಗೂ ತೊಂದರೆ.

ಹಳದಿ ಬೋರ್ಡ್ ಗಾಡಿಯಾದರೆ ಪರ್ಮಿಟ್ ಒಪ್ಪಿಸಿ ಬಿಳಿ ಬೋರ್ಡ್ ಮಾಡಿಸಿದ ಮೇಲೆ ಮಾತಾಡಿ. ಹೊರರಾಜ್ಯದ್ದಾದರೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಜೊತೆಗೆ ಇಲ್ಲಿನ ಲೈಫ್‌ಟೈಮ್ ತೆರಿಗೆಯೂ ಸೇರುತ್ತದೆ. ಅಗ್ಗ ಅನ್ನಿಸಿದ ಗಾಡಿ ಅಲ್ಲಿಗೆ ಅಗ್ಗವಾಗಿ ಉಳಿಯುವುದು ಅಪರೂಪ.

ನಂಬರ್ ಪ್ಲೇಟು ಇನ್ನೊಂದು ವಿಷಯವನ್ನೂ ಹೇಳುತ್ತದೆ. ಕೆಎ-19, ಕೆಎ-20, ಕೆಎ-30 ಕರಾವಳಿಯವು, ಉಪ್ಪುಗಾಳಿ ತಿಂದವು, ಅವುಗಳಲ್ಲಿ ತುಕ್ಕು ಎರಡು ಪಟ್ಟು ಗಮನವಿಟ್ಟು ನೋಡಿ. ಕೆಎ-12, ಕೆಎ-18 ಎಸ್ಟೇಟ್ ಜೀಪುಗಳಿರಬಹುದು: ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿಸಿದರೂ ಏರುದಾರಿಯಲ್ಲಿ ಹೊರೆ ಹೊತ್ತು ಕ್ಲಚ್, ಗೇರ್, ಕಮಾನ್ ಪ್ಲೇಟು ಸವೆದಿರುತ್ತವೆ. ನಮ್ಮ ನಾಲೆ ಬಯಲಿನ ಗಾಡಿಗಳಿಗೆ ಗದ್ದೆ ಕೆಸರು ಹಬ್ ಬೇರಿಂಗ್‌ಗೆ ಇಳಿದಿರುತ್ತದೆ. ಟ್ರೈಲರ್ ಎಳೆದದ್ದಾದರೆ ಹಿಂದಿನ ಅಡ್ಡಪಟ್ಟಿ ಬಿರುಕು ಬಿಟ್ಟಿರುವ ಸಂಭವವಿದೆ.

ಹಂತ 3: ಚಾಸಿ ಮತ್ತು ತಗಡು

ಬೆಳಿಗ್ಗೆ ಹೋಗಿ. ಜೊತೆಗೆ ಜಾಕ್, ಎರಡು ಮರದ ದಿಮ್ಮಿ, ಟಾರ್ಚು, ಸಣ್ಣ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಅಯಸ್ಕಾಂತ, ಸೀಮೆಸುಣ್ಣ, ಹಳೇ ಬಟ್ಟೆ ಒಯ್ಯಿರಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಎಂದು ಅರ್ಥ. ಇಂಜಿನ್ ಪರೀಕ್ಷೆಗೆ ಇನ್ನೊಂದು ದಿನ ಬರುತ್ತೇನೆ, ಮುಟ್ಟದೆ ಬಿಡಿ ಎಂದು ಹೇಳಿ.

ನೆಲದ ಮೇಲೆ ಮಲಗಿ ಚಾಸಿಯ ಎರಡೂ ಉದ್ದಪಟ್ಟಿಗಳನ್ನು ಮುಂದಿನಿಂದ ಹಿಂದಿನವರೆಗೆ ಒಂದೊಂದು ಗೇಣಿಗೆ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಒಳಗೆ ಪದರ ಎದ್ದ ಕಡೆ ಸದ್ದು ಮಂದವಾಗುತ್ತದೆ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಕ್ಕೆ ಇಳಿದರೆ ಆ ಭಾಗ ಸತ್ತಿದೆ. ಹೆಚ್ಚು ಹೊತ್ತು ಕೊಡಬೇಕಾದ ಜಾಗಗಳು: ಕಮಾನ್ ಪ್ಲೇಟಿನ ತುದಿಗಳನ್ನು ಚಾಸಿಗೆ ಹಿಡಿಸುವ ಹ್ಯಾಂಗರ್ ಮತ್ತು ಶ್ಯಾಕಲ್ ಕೂರುವ ಕಡೆ, ಸ್ಟೀರಿಂಗ್ ಬಾಕ್ಸ್ ಬೋಲ್ಟುಗಳ ಸುತ್ತ, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ರಬ್ಬರ್ ಮೌಂಟುಗಳ ಕೆಳಗೆ. ಚಾಸಿ ಪೆಟ್ಟಿಗೆಯಂತೆ ಮುಚ್ಚಿರುವ ಕಡೆ ನೀರು ಇಳಿದು ಆಚೆ ಬರದೆ ನಿಲ್ಲುತ್ತದೆ. ಅಲ್ಲಿ ತುಕ್ಕು ಒಳಗಿಂದ ಹೊರಕ್ಕೆ ಬರುವುದರಿಂದ, ಮೇಲೆ ಬಣ್ಣ ಚೆನ್ನಾಗಿದ್ದೂ ಲೋಹ ತೆಳ್ಳಗಾಗಿರಬಹುದು.

ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ಮಾರಾಟಕ್ಕೆಂದೇ ಬಳಿದದ್ದೇ ಹೆಚ್ಚು. ಅದನ್ನು ಒಂದೆರಡು ಕಡೆ ಕೆರೆದು ನೋಡಲು ಕೇಳಿ. ಬೇಡ ಎಂದರೆ ಅದೇ ಉತ್ತರ.

ಬಿರುಕಿಗೆ ತೇಪೆ ಹಾಕಿದ್ದರೆಲ್ಲ ತಿರಸ್ಕರಿಸಬೇಕಿಲ್ಲ. ಬಿರುಕಿನ ಎರಡೂ ಕಡೆ ಸಾಕಷ್ಟು ದೂರ ಹೋಗಿ ದಪ್ಪ ಪ್ಲೇಟು ಕೂಡಿಸಿದ ಅಚ್ಚುಕಟ್ಟಾದ ಕೆಲಸ ಬಹಳ ವರ್ಷ ಬರುತ್ತದೆ. ಬಿರುಕಿನ ಮೇಲೆಯೇ ವೆಲ್ಡಿಂಗ್ ಎಳೆದು ಬಣ್ಣ ಹೊಡೆದದ್ದು ಅದರ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಚಾಸಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ಟೇಪಿನಲ್ಲಿ ಮುಂದಿನ ಎಡ ಹ್ಯಾಂಗರ್‌ನಿಂದ ಹಿಂದಿನ ಬಲ ಹ್ಯಾಂಗರ್‌ಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಕರ್ಣ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಸೆಂಟಿಮೀಟರ್ ಮೀರಿದರೆ ಗಾಡಿ ಉರುಳಿದ್ದೋ ಗುದ್ದಿದ್ದೋ ಇರಬೇಕು.

ಬಾಡಿ ತಗಡು ಅಷ್ಟು ಮುಖ್ಯವಲ್ಲ. ಜೀಪಿನ ತಗಡು ಚಪ್ಪಟೆ, ಟಿಂಕರಿಂಗ್ ಸುಲಭ. ಜಿಪ್ಸಿಯಲ್ಲಿ ಮಾತ್ರ ಕಾಲಡಿ ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಅಯಸ್ಕಾಂತ ಹಿಡಿದು ಪುಟ್ಟಿ ತುಂಬಿದ ಕಡೆಗಳನ್ನು ಗುರುತು ಹಾಕಿ.

ಹಂತ 4: ಫೋರ್‌ವೀಲ್ ನಿಜವಾಗಿ ಇದೆಯೇ?

ಒಳಗೆ ಇನ್ನೊಂದು ಗೇರ್ ಕಡ್ಡಿ ಇದ್ದ ಮಾತ್ರಕ್ಕೆ ಫೋರ್‌ವೀಲ್ ಇದೆ ಎಂದಲ್ಲ. ಮುಂದೆ ಬಗ್ಗಿ ನೋಡಿ: ಮುಂದಿನ ಆ್ಯಕ್ಸಲ್‌ನಲ್ಲಿ ಹಿಂದಿನದರಂತೆ ದುಂಡನೆಯ ಡಿಫರೆನ್ಷಿಯಲ್ ಗುಂಡು ಇರಬೇಕು, ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ (ಬಲವನ್ನು ಆ್ಯಕ್ಸಲ್‌ಗೆ ಒಯ್ಯುವ ಉದ್ದನೆಯ ತಿರುಗು ದಂಡ) ಸೇರಿರಬೇಕು. ಸದ್ದು ಬರುತ್ತದೆಂದು ಮುಂದಿನ ಶಾಫ್ಟ್ ಬಿಚ್ಚಿ ಇಟ್ಟವರು, ಡಿಫರೆನ್ಷಿಯಲ್ ಒಳಗಿನ ಭಾಗವನ್ನೇ ತೆಗೆದವರು ಇದ್ದಾರೆ.

ಟೂವೀಲ್ ಡ್ರೈವ್ ಜೀಪಿಗೆ ಗುಜರಿಯಿಂದ ಮುಂದಿನ ಆ್ಯಕ್ಸಲ್ ತಂದು ಕೂಡಿಸಿದ್ದರೆ ಇನ್ನೊಂದು ಅಪಾಯ. ಮುಂದೆ, ಹಿಂದೆ ಕ್ರೌನ್ ಪಿನಿಯನ್ ಅನುಪಾತ ಬೇರೆ ಬೇರೆಯಾಗಿದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಎರಡು ಆ್ಯಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಒಡೆಯಬಹುದು. ಇದನ್ನು ಸ್ಥಳದಲ್ಲೇ ಪತ್ತೆ ಹಚ್ಚಬಹುದು:

1. ಸಮತಟ್ಟಾದ ಕಡೆ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್, ಫೋರ್‌ವೀಲ್ ಕಡ್ಡಿ ಟೂವೀಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ.
2. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಲ್ಲಿ ಎತ್ತಿ, ಆ್ಯಕ್ಸಲ್ ಕೆಳಗೆ ದಿಮ್ಮಿ ಕೊಡಿ.
3. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ.
4. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಬ್ಬರು ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಲಿ.
5. ಮುಂದಿನ ಒಂದು ಚಕ್ರ ಎತ್ತಿ ಹಾಗೆಯೇ ಮಾಡಿ. ಹಬ್‌ನಲ್ಲಿ ಲಾಕ್ ಇದ್ದರೆ ಎರಡೂ ಬದಿಯದನ್ನು ಲಾಕ್ ಮಾಡಿಕೊಳ್ಳಿ.

ಪಕ್ಕದ ಚಕ್ರ ನೆಲದಲ್ಲಿ ನಿಂತಿರುವುದರಿಂದ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನ್ ಒಂದು ಸುತ್ತು ಬರುತ್ತದೆ. ಹಾಗಾಗಿ ಶಾಫ್ಟ್ ತಿರುಗಿದ ಎಣಿಕೆಯೇ ಅನುಪಾತ. ಹಿಂದೆ ನಾಲ್ಕೂವರೆ ಬಂದು ಮುಂದೆ ಐದು ಬಂದರೆ ಆ ಗಾಡಿಯನ್ನು ಫೋರ್‌ವೀಲ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಚಕ್ರ ತಿರುಗಿಸಿದರೂ ಶಾಫ್ಟ್ ಕದಲದಿದ್ದರೆ ಒಳಗೆ ಏನೋ ಮುರಿದಿದೆ, ಅಥವಾ ಇಲ್ಲವೇ ಇಲ್ಲ.

ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಆಯಿಲ್ ರಂಧ್ರದ ಅಂಚಿಗೆ ಸಮನಾಗಿರಬೇಕು. ಹಾಲು ಬೆರೆಸಿದ ಕಾಫಿ ಬಣ್ಣವಿದ್ದರೆ ನೀರು ಸೇರಿದೆ: ನಾಲೆ, ಹಳ್ಳ ದಾಟುವಾಗ ಬಿಸಿ ಹೌಸಿಂಗ್ ತಟ್ಟನೆ ತಣ್ಣಗಾಗಿ, ಕಟ್ಟಿಕೊಂಡ ಬ್ರೀದರ್‌ನಿಂದ (ಗಾಳಿ ಆಡುವ ಸಣ್ಣ ಕಿಂಡಿ) ಗಾಳಿ ಬಾರದೆ, ಸೀಲಿನ ಮೂಲಕ ನೀರು ಎಳೆದುಕೊಂಡಿರುತ್ತದೆ. ಬೆರಳಿಗೆ ಮಿನುಗುವ ಪುಡಿ ಹತ್ತಿದರೆ ಸ್ವಲ್ಪ ಸಹಜ, ಚೂರುಗಳು ಸಿಕ್ಕರೆ ಹಲ್ಲು ಮುರಿದಿದೆ.

ಹಂತ 5: ಇಂಜಿನ್

ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ಪೊರೆ, ಆಯಿಲ್ ಕ್ಯಾಪ್ ಒಳಗೆ ಕೆನೆಯಂಥ ಮೆತ್ತು ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮುಚ್ಚಳ ತೆಗೆದಂತೆಯೇ ಸ್ಟಾರ್ಟ್ ಮಾಡಿಸಿ ಒಂದೆರಡು ನಿಮಿಷ ನೋಡಿ. ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಅನುಮಾನ ಖಚಿತ. ಬಿಸಿಯಾದ ಮೇಲೆ ಆ ಮುಚ್ಚಳ ಮುಟ್ಟಬೇಡಿ.

ಹೊಗೆ ನೋಡಿ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್, ಸದಾ ಬರುತ್ತಿದ್ದರೆ ರಿಂಗ್, ಬೋರ್. ಡೀಸೆಲ್ ವಾಸನೆಯ ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕಂಪ್ರೆಷನ್ ಕಡಿಮೆ, ಇಲ್ಲವೇ ನಾಜಲ್, ಪಂಪ್ ಟೈಮಿಂಗ್. ಕಪ್ಪು ಹೊಗೆಗೆ ಹೆದರಬೇಡಿ, ಏರ್ ಫಿಲ್ಟರ್, ನಾಜಲ್ ಕಡೆಯ ಕೆಲಸ. ಆಯಿಲ್ ಕ್ಯಾಪ್ ಸಡಿಲಿಸಿ ಮೇಲೆ ಸುಮ್ಮನೆ ಇಡಿ: ಐಡಲ್‌ನಲ್ಲಿ ಸಣ್ಣಗೆ ಅದುರಿದರೆ ಪರವಾಗಿಲ್ಲ, ಎದ್ದು ಬೀಳುವಷ್ಟು ಗಾಳಿ ಬಂದರೆ ಇಂಜಿನ್ ಬಿಚ್ಚುವ ಕೆಲಸ ಇದೆ ಎಂದೇ ಬರೆದುಕೊಳ್ಳಿ. ಮೆಕ್ಯಾನಿಕ್ ಕರೆತಂದಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ಸಿಲಿಂಡರ್‌ಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಜಿಪ್ಸಿಗೆ ಟೈಮಿಂಗ್ ಬೆಲ್ಟ್ ಹಾಕಿದ ಬಿಲ್ ಇಲ್ಲದಿದ್ದರೆ ಹೊಸದು ಹಾಕಿಸುವ ಖರ್ಚು ಸೇರಿಸಿ. ಹಳೇ ಕಾರ್ಬುರೇಟರ್ ಗಾಡಿಗೆ ಪೆಟ್ರೋಲ್ ಪೈಪುಗಳನ್ನೂ ಸೇರಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ ಹಳೇ ರಬ್ಬರ್ ಮೆತ್ತಗಾಗಿ ಸೋರುತ್ತದೆ.

ಹಂತ 6: ಸ್ಟೀರಿಂಗ್, ಬ್ರೇಕ್

ಮುಂದಿನ ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಹಬ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ (ಚಕ್ರ ಎಡ-ಬಲ ತಿರುಗುವ ಗೂಟ). ಎಡ-ಬಲ ಹಿಡಿದಾಗ ಆಟ ಬಂದರೆ ಟೈರಾಡ್ ಎಂಡ್. ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುವ ರೋಗಕ್ಕೆ ಸಾಮಾನ್ಯವಾಗಿ ಇವೇ ಕಾರಣ. ಚಕ್ರದ ಹಿಂದಿನ ಗುಂಡಿನಿಂದ ಗ್ರೀಸು-ಆಯಿಲ್ ಇಳಿದಿದ್ದರೆ ನಕಲ್ ಸೀಲ್ ಹೋಗಿದೆ.

ಬ್ರೇಕ್ ಪೆಡಲ್ ಒಂದು ನಿಮಿಷ ಒತ್ತಿ ಹಿಡಿಯಿರಿ, ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಅಥವಾ ಸೋರಿಕೆ. ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್ ಇರುವುದುಂಟು. ಒಂದು ಕಡೆ ಸೋರಿದರೆ ಬ್ರೇಕ್ ಪೂರ್ತಿ ಹೋಗುತ್ತದೆ. ಅಂಥದ್ದನ್ನು ಓಡಿಸಿ ತರಬೇಡಿ, ಟೋ ಮಾಡಿಸಿ ತನ್ನಿ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2217 ಎಂದರೆ 2017ರ 22ನೇ ವಾರದ್ದು. ಟೈರಿನ ಅಚ್ಚು ಎಷ್ಟೇ ಆಳವಿದ್ದರೂ ಅದನ್ನು ಹೊಸದಾಗಿ ಹಾಕಿಸಬೇಕಾದ ಟೈರು ಎಂದೇ ಲೆಕ್ಕ ಹಿಡಿಯಿರಿ.

ಹಂತ 7: ಓಡಿಸಿ ನೋಡುವುದು

ವಿಮೆ ಚಾಲ್ತಿಯಲ್ಲಿದ್ದರೆ, ಬ್ರೇಕ್ ಸರಿಯಿದ್ದರೆ ಮಾತ್ರ. ಏರು ಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಮಂಡ್ಯ ಕಡೆಯವರಿಗೆ ಮೇಲುಕೋಟೆ ಏರು. ರಿಂಗ್ ರೋಡಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿದರೂ ತಿಳಿಯದ್ದು ಇಲ್ಲಿ ತಿಳಿಯುತ್ತದೆ: ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುತ್ತಾ ಹೋಗುತ್ತದೆಯೇ, ಇಂಜಿನ್ ಮೊರೆದರೂ ಗಾಡಿ ಏರದೆ ಕ್ಲಚ್ ಜಾರುತ್ತದೆಯೇ. ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಇಂಜಿನ್ ಬ್ರೇಕಿನಲ್ಲೇ ಬನ್ನಿ. ಸವೆದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ.

ಫೋರ್‌ವೀಲನ್ನು ಮಣ್ಣಿನ ದಾರಿಯಲ್ಲಿ ಮಾತ್ರ ಹಾಕಿ. ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಚಕ್ರಗಳ ವ್ಯತ್ಯಾಸ ಹೋಗಲು ದಾರಿಯಿಲ್ಲದೆ ಗೇರುಗಳು ಬಿಗಿದುಕೊಳ್ಳುತ್ತವೆ. ಉತ್ತ ಹೊಲದ ಬದುವಿನ ಪಕ್ಕ ಲೋ ಗೇರ್ ಹಾಕಿ ನಿಧಾನವಾಗಿ ಮುಂದೆ ಹೋಗಿ, ಹಿಂದೆ ಬನ್ನಿ. ಕಡ್ಡಿ ಹಾರಬಾರದು. ಹೊರಗೆ ನಿಂತವರು ಮುಂದಿನ ಚಕ್ರ ಎಳೆಯುತ್ತಿದೆಯೇ ಎಂದು ನೋಡಲಿ. ಹೊರಡುವಾಗ ಕೆಳಗೆ ಟಕ್ ಎಂದರೆ ಶಾಫ್ಟ್ ಕ್ರಾಸ್ ಸವೆದಿದೆ, ಸಣ್ಣ ಖರ್ಚು.

ಹಂತ 8: ಲೆಕ್ಕ

ಗುರುತು ಹಾಕಿದ ಎಲ್ಲ ಕೆಲಸವನ್ನೂ ಗ್ಯಾರೇಜಿನಲ್ಲಿ ತೋರಿಸಿ, ಸಾಮಾನು ಬೇರೆ, ಕೂಲಿ ಬೇರೆ, ಲೇತ್ ಕೆಲಸ ಬೇರೆ ಎಂದು ಬರೆಸಿಕೊಳ್ಳಿ. ರಿಪೇರಿ ಮೊತ್ತಕ್ಕೆ ಮೂರನೇ ಒಂದು ಭಾಗ ಮೇಲೆ ಸೇರಿಸಿ. ಹಳೇ ಗಾಡಿ ಬಿಚ್ಚಿದ ಮೇಲೆ ಕಾಣಿಸುವ ಕೆಲಸಕ್ಕೆ ಅದು ಬೇಕೇ ಬೇಕು.

ಕಲ್ಪಿತ ಉದಾಹರಣೆ: ಕೇಳಿದ ಬೆಲೆ 1,60,000. ರಿಪೇರಿ 1,10,000. ಅನಿರೀಕ್ಷಿತಕ್ಕೆ 37,000. ಕಾಗದ 20,000. ಒಟ್ಟು 3,27,000. ಅದೇ ಮಾದರಿಯ, ಎಫ್‌ಸಿ ಇರುವ, ಓಡುತ್ತಿರುವ ಗಾಡಿ 3,40,000ಕ್ಕೆ ಸಿಗುತ್ತಿದ್ದರೆ ಈ ವ್ಯಾಪಾರ ಬೇಡ. 13,000 ಉಳಿಸಲು ತಿಂಗಳುಗಟ್ಟಲೆ ಗ್ಯಾರೇಜಿಗೆ ಅಲೆಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ರಿಪೇರಿ ಗಾಡಿಯ ಒಟ್ಟು ಖರ್ಚು ಒಳ್ಳೇ ಗಾಡಿಯ ಬೆಲೆಯ ಶೇ. 80 ಮೀರಬಾರದು ಎಂದು ಇಟ್ಟುಕೊಳ್ಳಿ. ಇಲ್ಲಿ ಅದು 2,72,000. ಅದರಲ್ಲಿ 1,67,000 ಕಳೆದರೆ 1,05,000. ನೀವು ಕೊಡಬಹುದಾದ ಗರಿಷ್ಠ ಬೆಲೆ ಅದೇ. ಅಷ್ಟಕ್ಕೆ ಇಳಿಯದಿದ್ದರೆ ಬಿಟ್ಟುಬಿಡಿ.

ಮನೆಯಲ್ಲಿ ಇದೊಂದೇ ವಾಹನ, ನಾಳೆಯಿಂದಲೇ ಓಡಬೇಕು ಎನ್ನುವವರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ರಿಪೇರಿ ಗಾಡಿಗೆ ಕೈ ಹಾಕಬಾರದು. ದೊಡ್ಡ ಟೈರು, ಬುಲ್‌ಬಾರ್, ಎತ್ತರಿಸಿದ ಸಸ್ಪೆನ್ಷನ್‌ಗೆಂದು ಹೆಚ್ಚು ಹಣವನ್ನೂ ಕೊಡಬೇಡಿ. ಬುಲ್‌ಬಾರ್‌ಗೆ 2017ರಿಂದಲೇ ನಿಷೇಧವಿದೆ, ಮಿಕ್ಕವು ಎಫ್‌ಸಿಗೆ ಮುಂಚೆ ಬಿಚ್ಚಬೇಕಾಗಿ ಬರಬಹುದು.

ಹಂತ 9: ಹಣ ಕೊಡುವಾಗ

ಮಾಲೀಕತ್ವ ವರ್ಗಾವಣೆಯ ಫಾರಂ 29 ಎರಡು ಪ್ರತಿ, ಫಾರಂ 30, ಸಾಲದ ನಮೂದು ಇದ್ದರೆ ಬ್ಯಾಂಕ್ ಸಹಿಯ ಫಾರಂ 35, ಇವೆಲ್ಲ ಆರ್‌ಸಿಯಲ್ಲಿ ಹೆಸರಿರುವವರ ಸಹಿಯೊಂದಿಗೆ ಕೈಗೆ ಬಂದ ಮೇಲೆ ಪೂರ್ತಿ ಹಣ. ಆರ್‌ಸಿದಾರರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ. ಮಾರಾಟವನ್ನು ಆರ್‌ಟಿಒಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಮೆ ವರ್ಗಾವಣೆಗೂ 14 ದಿನ.

ಗಾಡಿ ಮನೆಗೆ ಬಂದ ಮೇಲೆ ಮೊದಲು ಬ್ರೇಕ್ ಮತ್ತು ಸ್ಟೀರಿಂಗ್ ಕೆಲಸ, ಜೊತೆಗೆ ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ನ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲ ಹೊಸದು. ಆಮೇಲೆ ಎಫ್‌ಸಿ. ಬಣ್ಣ, ಸೀಟು, ಹುಡ್ ಇವನ್ನು ಎಫ್‌ಸಿ ಕೈಗೆ ಬಂದು ಗಾಡಿ ಒಂದು ಮಳೆಗಾಲ ಓಡಿದ ನಂತರ ಮಾಡಿಸಿ. ಎಲ್ಲಿ ಸೋರುತ್ತದೆ, ಎಲ್ಲಿ ಇನ್ನೂ ವೆಲ್ಡಿಂಗ್ ಬೇಕು ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.